ಸುಕನ್ಯಾಳ ಮೇಲೆ ಹೊರಿಸಿದ ಮಾತು

ಹೊನ್ನೂರುಸ್ವಾಮಿ ಒಗ್ಗರಣೆ ಮಂಡಕ್ಕಿಯನ್ನು ಅರ್ಧಕ್ಕೇ ಬಿಟ್ಟು ಅಂಗಡಿಯ ಬೀಗದ ಕೈ ತೆಗೆದುಕೊಂಡ. ಹೊಸಪೇಟೆ ಪಕ್ಕದ ಚಿತ್ತವಾಡ್ಗಿಯಲ್ಲಿ ಅವನದು ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ. ತುಳಸಿಯನ್ನು ಮದುವೆಯಾಗಿ ಎರಡು ತಿಂಗಳಾಗಿತ್ತು. ಅಂದಿನಿಂದ ಅವನಿಗೆ ವಾರದ ರಜೆಯೇ ಮರೆತುಹೋಗಿತ್ತು.

“ಇವತ್ತು ಐತ್ವಾರ ಅಲ್ರಿ?” ತುಳಸಿ ಬಾಗಿಲ ಬಳಿ ನಿಂತು ಕೇಳಿದಳು. “ನನ್ನ ಕಂಡ್ರ ಯಾಕ ಹಿಂಗ ಓಡ್ತೀರಿ? ನಾ ನಿಮ್ಮ ಮನಸಿಗೆ ಬಂದಿಲ್ಲೇನು?”

“ಹಂಗೇನಿಲ್ಲ. ಕೆಲಸ ಭಾಳ ಐತಿ.”

“ಕೆಲಸದ ಮಾತು ಬ್ಯಾಡ್ರಿ. ಹತ್ರ ಬಂದಾಗೆಲ್ಲ ಬೆವತು ಆ ಕಡೆ ತಿರುಗಿ ಮಲಗ್ತೀರಿ. ಅತ್ತಿ ಗುಡಿಗೆ ಹೋಗ್ಯಾರ, ಮನ್ಯಾಗ ಯಾರೂ ಇಲ್ಲ. ಈಗರ ಹೇಳ್ರಿ.”

ಅವನು ಹೊಸ್ತಿಲ ಮೇಲೆ ಕುಳಿತುಬಿಟ್ಟ. ಅವಳ ಮುಖ ನೋಡದೆ ಹೇಳಿದ. “ಇವತ್ತೂ ಆಗ್ಲಿಲ್ಲಂದ್ರ ಅಂತ ಮೊದ್ಲ ಅಂಜಿಕಿ ಬರ್ತೈತಿ. ಆಮ್ಯಾಲ ಮೈ ನನ್ನ ಮಾತು ಕೇಳಂಗಿಲ್ಲ.”

ತನ್ನ ಮೂವತ್ತನಾಲ್ಕು ವರ್ಷದ ಬದುಕಿನಲ್ಲಿ ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಮೊದಲ ಮದುವೆಯ ದಿನಗಳಲ್ಲಿ ಲಾಡ್ಜೊಂದಕ್ಕೆ ತಿಂಗಳಿಗೊಮ್ಮೆ ಬರುತ್ತಿದ್ದ ವೈದ್ಯನ ಪುಡಿಯನ್ನು ಕದ್ದುಮುಚ್ಚಿ ತಿಂದಿದ್ದ. ಎದೆ ಡವಗುಟ್ಟಿತ್ತೇ ಹೊರತು ಬೇರೇನೂ ಆಗಿರಲಿಲ್ಲ.

ತುಳಸಿ ನಗಲಿಲ್ಲ. ಪಕ್ಕದಲ್ಲಿ ಬಂದು ಕುಳಿತಳು. “ನಂಗೂ ಅಂಜಿಕಿ ಆಗ್ತೈತ್ರಿ. ನೋವಾಗ್ತೈತೇನೋ ಅಂತ ಮೈ ಬಿಗಿ ಹಿಡ್ಕೊಂಡಿರ್ತೀನಿ. ಇಬ್ರೂ ದವಾಖಾನಿಗೆ ಹೋಗೂಣು.”

ಹೊಸಪೇಟೆಯ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಕೇಳಿದರು. ಸಕ್ಕರೆ, ಬಿ.ಪಿ., ರಕ್ತ ಎಲ್ಲ ಪರೀಕ್ಷೆ ಮಾಡಿಸಿದರು. ವರದಿ ನೋಡಿ ಹೇಳಿದರು: “ಮೈಯಲ್ಲಿ ಏನೂ ದೋಷ ಇಲ್ಲ. ಇದನ್ನ ಒಂದು ಪರೀಕ್ಷೆ ಅಂತ ಮಾಡ್ಕೊಂಡೀರಿ. ಪಾಸೋ ಫೇಲೋ ಅಂತ ಮನಸ್ಸು ಕಾವಲು ಕೂತರೆ ಮೈ ಹೆಂಗ ಸಡಿಲಾಗ್ತದ? ಗಂಡಸ್ರಿಗೂ ಹಿಂಗಾಗ್ತದ, ಹೆಂಗಸ್ರಿಗೂ ಆಗ್ತದ. ಒಂದು ತಿಂಗಳು ಕೂಡೋ ವಿಚಾರನೇ ಬ್ಯಾಡ. ಹತ್ರ ಕುಂದ್ರಿ, ಕೈ ಹಿಡೀರಿ, ಅಂಜಿಕಿ ಬಂದ್ರ ಬಂತು ಅಂತ ಬಾಯಿಬಿಟ್ಟು ಹೇಳ್ರಿ. ಕಂಡವ್ರ ಪುಡಿ ಮಾತ್ರ ತಿನ್ನಬ್ಯಾಡ್ರಿ.”

ಅವನು ಭಾನುವಾರ ಅಂಗಡಿ ತೆರೆಯುವುದನ್ನು ನಿಲ್ಲಿಸಿದ. ಸಂಜೆ ಇಬ್ಬರೂ ತುಂಗಭದ್ರಾ ಡ್ಯಾಂ ಕಡೆ ಹೋಗಿ ಕೂರುತ್ತಿದ್ದರು. ಆಗಾಗ ಡಾಕ್ಟರಮ್ಮನ ಬಳಿ ಹೋಗಿಬರುತ್ತಿದ್ದರು. ಮೊದಮೊದಲು ಮಾತಿಗೂ ನಾಚಿಕೆ. ನಡುವೆ ಒಂದೆರಡು ಸಲ ಹಳೆಯ ಭಯ ಮತ್ತೆ ಬಂತು. ಆದರೆ ಅವನು ಗೋಡೆಯ ಕಡೆ ತಿರುಗಲಿಲ್ಲ, ಅವಳೂ ಅಳಲಿಲ್ಲ. ದವಾಖಾನೆಗೆ ಹೋಗತೊಡಗಿದ ಮೂರನೆಯ ತಿಂಗಳ ಹೊತ್ತಿಗೆ ಅವರಿಬ್ಬರೂ ಗಂಡ ಹೆಂಡತಿಯಾಗಿ ಬಾಳತೊಡಗಿದ್ದರು.

ಒಂದು ಮಧ್ಯಾಹ್ನ ತುಳಸಿ ಬೇಳೆ ಆರಿಸುತ್ತಾ ಕೇಳಿದಳು. “ಹಂಗಾದ್ರ ಸುಕನ್ಯಾಂದು ಏನು ತಪ್ಪಿತ್ರಿ?”

ಹೊನ್ನೂರುಸ್ವಾಮಿಗೆ ಉತ್ತರ ಗೊತ್ತಿತ್ತು.

ಕಂಪ್ಲಿಯ ಸುಕನ್ಯಾ ಅವನ ಮೊದಲ ಹೆಂಡತಿ. ಒಂದೂವರೆ ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ಮಾತಿಲ್ಲದೆ ಇದ್ದರು. ಮಕ್ಕಳ ಮಾತು ಎದ್ದಾಗ ಹಿರಿಯರು ಅವನ ಓಣಿಯ ಹುಲುಗಪ್ಪನ ಮನೆಯ ಕಟ್ಟೆಯ ಮೇಲೆ ಸೇರಿ, ಏನು ತೊಂದರೆ ಎಂದು ಕೇಳಿದ್ದರು. ತಲೆ ತಗ್ಗಿಸಿಕೊಂಡು ಅವನು ಅಂದಿದ್ದ: “ಆಕಿ ನನ್ನ ಹತ್ರ ಬಿಟ್ಕೊಳ್ಳಂಗಿಲ್ಲ.” ಅಷ್ಟೇ. ಉಳಿದದ್ದನ್ನು ಜನ ಸೇರಿಸಿದರು. ಕೆಲವರು ಅವಳಿಗೆ ತಲೆ ಸರಿಯಿಲ್ಲ ಎಂದರು, ಕೆಲವರು ಅವಳು ಹೆಣ್ಣೇ ಅಲ್ಲ ಎಂದರು. ಕೋರ್ಟಿನಲ್ಲಿ ವಿಚ್ಛೇದನವಾಗಿ ಆರು ವರ್ಷವಾಗಿತ್ತು.

ಮರುದಿನ ಅವನು ಕಂಪ್ಲಿಯ ಬಸ್ಸು ಹತ್ತಿದ.

ಸುಕನ್ಯಾ ಪಡಸಾಲೆಯಲ್ಲಿ ಮಿಷನ್ ಮುಂದೆ ಕುಳಿತು ಬ್ಲೌಸ್ ಹೊಲಿಯುತ್ತಿದ್ದಳು. ಅವನನ್ನು ಕಂಡು ಅವಳ ಕಾಲು ಪೆಡಲಿನ ಮೇಲೆ ನಿಂತಿತು. ತಾಯಿ ಭೀಮಮ್ಮ ಒಳಗಿನಿಂದ ಬಂದು, “ಇನ್ನೇನು ಉಳದೈತಂತ ಬಂದಿ?” ಎಂದಳು.

ಅವನು ನಿಂತೇ ಹೇಳಿದ. “ಅಮ್ಮಾ, ನಿನ್ನ ಮಗಳದು ಏನೂ ತಪ್ಪಿರಲಿಲ್ಲ. ನನ್ನಿಂದ ಆಗ್ತಿರಲಿಲ್ಲ. ಮರ್ಯಾದಿಗೆ ಅಂಜಿ ಆಕಿ ಮ್ಯಾಲೆ ಹಾಕಿದೆ.”

ಭೀಮಮ್ಮ ಕಂಬ ಹಿಡಿದು ನಿಂತಳು. ಸುಕನ್ಯಾ ಕೈಯಲ್ಲಿದ್ದ ಬಟ್ಟೆಯನ್ನು ನಿಧಾನವಾಗಿ ಮಡಚಿದಳು.

“ನಂಗೂ ಕೈಕಾಲು ನಡುಗ್ತಿದ್ವು,” ಎಂದಳು. “ನಾ ಸೆಟದು ಮಲಗೋದಕ್ಕ ನಿಮಗ ಹಂಗಾಗ್ತೈತಿ ಅನ್ಕೊಂಡಿದ್ದೆ. ಆರು ವರ್ಷ ಅದನ್ನ ನಂಬೀನಿ. ಇಬ್ರೂ ಅಂಜಿದ್ವಿ, ಒಬ್ರಿಗೊಬ್ರು ಹೇಳ್ಲಿಲ್ಲ.”

“ಈಗ ದವಾಖಾನಿಗೆ ಹೋಗಿ ತಿಳ್ಕೊಂಡೆ. ಆಗ ನಿನ್ನ ಕರ್ಕೊಂಡು ಹೋಗಿದ್ರ...”

“ಆ ಮಾತು ಬ್ಯಾಡ್ರಿ.” “ಅಂಜಿದ್ದು ನಿಮ್ಮ ತಪ್ಪಲ್ಲ. ನನ್ನ ಹೆಸರು ಹೇಳಿದ್ದು ತಪ್ಪು. ಎರಡು ಕಡೆಯಿಂದ ಗಂಡು ಬಂದಿದ್ವು. ನಿಮ್ಮ ಓಣ್ಯಾಗ ಹೋಗಿ ವಿಚಾರಿಸಿದ್ರು, ತಿರುಗಿ ಬರ್ಲಿಲ್ಲ. ಆ ಮಾತು ನಾಲ್ಕು ಮಂದಿ ಮುಂದ ಆಡಿದ್ರಿ. ಇದನ್ನ ನಮ್ಮ ಪಡಸಾಲ್ಯಾಗ ಆಡಿದ್ರ ಸಾಕೇನು?”

ಕ್ಷಮಿಸು ಎಂದು ಕೇಳಲು ಬಂದವನು ಅದನ್ನು ಕೇಳದೆಯೇ ಹೊರಟ. ಸುಕನ್ಯಾ ಮತ್ತೆ ಮಿಷನ್ ತುಳಿಯತೊಡಗಿದಳು.

ಸಂಜೆ ಊರು ಮುಟ್ಟಿದವನು ಮನೆಗೆ ಹೋಗಲಿಲ್ಲ. ಹುಲುಗಪ್ಪನ ಕಟ್ಟೆಯ ಮೇಲೆ ಐದಾರು ಮಂದಿ ಕುಳಿತಿದ್ದರು. ಅವನ ತಾಯಿ ಭರಮಮ್ಮನೂ ಅಲ್ಲಿಯೇ ಪಕ್ಕದ ಮನೆಯವರೊಡನೆ ಮಾತಾಡುತ್ತಿದ್ದಳು. ಅವನು ಎಲ್ಲರಿಗೂ ಕೇಳುವಂತೆ, ಸುಕನ್ಯಾಳ ಬಗ್ಗೆ ತಾನು ಹೇಳಿದ್ದು ಸುಳ್ಳೆಂದೂ ತೊಂದರೆ ಇದ್ದದ್ದು ತನ್ನಲ್ಲೆಂದೂ ಹೇಳಿದ.

“ಏನು ಮಾತಂತ ಆಡ್ತೀಯೋ, ಬಾ ಮನಿಗೆ,” ಎಂದು ಭರಮಮ್ಮ ಅವನ ತೋಳು ಹಿಡಿದೆಳೆದಳು.

ಹುಲುಗಪ್ಪ ಮೆಲ್ಲಗೆ ಕೇಳಿದ. “ಮುಗಿದು ಹೋದದ್ದು. ಈಗ ಹೇಳಿ ಏನು ಉಪಯೋಗ ತಮ್ಮಾ?”

“ಗೊತ್ತಿಲ್ಲ ಮಾವ. ಮುಂದ ಯಾರರ ಆಕಿ ಬಗ್ಗೆ ವಿಚಾರಿಸಾಕ ಬಂದ್ರ, ನನ್ನ ಅಂಗಡಿಗೆ ಕಳಿಸ್ರಿ. ನಾನ ಹೇಳ್ತೀನಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹೊನ್ನೂರುಸ್ವಾಮಿಯ ಕಿವಿ ಬಿಸಿಯಾಯಿತು. ಆದರೂ ಅವನು ತಾಯಿಯ ಕೈ ಬಿಡಿಸಿಕೊಂಡು, ನಕ್ಕವರ ನಡುವೆಯೇ ಕುಳಿತ.