ಐದನೇ ತರಗತಿಯ ಕಪಾಟು

"ಸರಿ, ಆ ರಾಜನಿಗೂ ಅವನ ತಮ್ಮನಿಗೂ ಯಾಕೆ ಜಗಳ ಆಯ್ತು? ಹೇಳು ನೋಡೋಣ."

ಮಗಳು ಊಟದ ಮೇಜಿನ ಮೇಲೆ ತೆರೆದಿಟ್ಟಿದ್ದ ದಪ್ಪನೆಯ ಇತಿಹಾಸದ ಪುಸ್ತಕದ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಳು. ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ ತಾಯಿ ಗುರುತು ಹಾಕಿಟ್ಟು ಹೋಗಿದ್ದ ಪಾಠ ಅದು.

"ಓದಿದೆ ಅಂದ್ಯಲ್ಲೇ?"

"ಓದಿದೆ ಅಮ್ಮ."

"ಓದಿದ್ರೆ ಒಂದಾದ್ರೂ ನೆನಪಿರಬೇಕಲ್ವಾ?"

"ಸಾಲಿನ ಕೊನೆಗೆ ಬರೋಷ್ಟರಲ್ಲಿ ಮೊದಲು ಏನಿತ್ತು ಅನ್ನೋದೇ ಹೊರಟುಹೋಗಿರುತ್ತೆ. ದಿನಾ ಹಾಗೇ. ಸುಮ್ಮನೆ ಹಾಳೆ ತಿರುಗಿಸ್ತಾ ಇದ್ದೆ." ಅವಳು ಪುಸ್ತಕವನ್ನು ದೂರ ತಳ್ಳಿದಳು. "ನಾನು ದಡ್ಡಿ ಆಗಿಬಿಟ್ಟೆನಾ?"

ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಮಗಳು ಅವಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ತಾಯಿಯದು. ಯಾರ್ಯಾರದೋ ಮೂಳೆ ಮುರಿದಿದ್ದನ್ನು ನೋಡಿ ಅಭ್ಯಾಸವಿದ್ದ ಕಣ್ಣು ಆ ದಿನ ಮಾತ್ರ ಪರದೆಯ ಕಡೆ ತಿರುಗಲು ಒಪ್ಪಿರಲಿಲ್ಲ. ಗಾಯ ವಾಸಿಯಾಯಿತು. ಓದು ನಿಧಾನಕ್ಕೆ ಕೂಡಿಕೊಳ್ಳುತ್ತದೆ, ಅವಸರ ಮಾಡಬೇಡಿ ಎಂದರು ಡಾಕ್ಟರು. ಆದರೆ ಶಾಲೆಯ ಗದ್ದಲದಲ್ಲಿ ಮಗಳು ದಿನಾ ತಲೆ ಹಿಡಿದುಕೊಂಡೇ ಮನೆಗೆ ಬರತೊಡಗಿದಾಗ ತಾಯಿ ಎಲ್ಲರೆದುರು ಹೇಳಿಬಿಟ್ಟಳು: "ಈ ವರ್ಷ ಮನೇಲೇ ಓದಿಸ್ತೀನಿ."

ಎಲ್ಲರೂ ಹುಬ್ಬು ಗಂಟಿಕ್ಕಿದರು. ಎಲ್ಲರಿಗಿಂತ ಹೆಚ್ಚಾಗಿ ಗಂಡನ ಅಕ್ಕ, ಮಗಳ ಸೋದರತ್ತೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಮುಂದಿನ ವಾರವೇ ಗಾಲಿಯಿದ್ದ ಸೂಟ್‌ಕೇಸಿನಲ್ಲಿ ಪುಸ್ತಕ ತುಂಬಿಕೊಂಡು ಬಂದಿದ್ದಳು. "ಏಳನೇ ತರಗತಿ ಅಂದ್ರೆ ಏಳನೇ ತರಗತಿ. ಮನೆ ಅಂತ ಸಡಿಲ ಬಿಡಬೇಡ" ಎಂದು ತಮ್ಮನ ಹೆಂಡತಿಯ ಮುಖ ನೋಡದೆಯೇ ಹೇಳಿ ಕಾಫಿ ಕುಡಿದು ಹೋಗಿದ್ದಳು.

ಈಗ ಮಗಳ ಆ ಪ್ರಶ್ನೆ ಕೇಳಿ ತಾಯಿ ಪುಸ್ತಕ ಮುಚ್ಚಿದಳು. "ಏಳು. ಚಪ್ಪಲಿ ಹಾಕ್ಕೋ."

ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಪುಸ್ತಕಗಳನ್ನು ತರಗತಿಯ ಪ್ರಕಾರ ಜೋಡಿಸಿದ್ದರು. "ಒಂದು ಪುಟ ಮೆಲ್ಲಗೆ ಓದಿ ಹೇಳು. ಸಲೀಸಾಗಿ ಬಂದ್ರೆ ಇಟ್ಕೊಳ್ಳೋಣ, ಇಲ್ಲಾಂದ್ರೆ ಬೇರೆ" ಎಂದಳು ತಾಯಿ. ಏಳನೆಯದರಲ್ಲಿ ಮೂರನೇ ಸಾಲಿಗೇ ಮಗಳ ಉಸಿರು ಸಿಕ್ಕಿಹಾಕಿಕೊಂಡಿತು. ಆರನೆಯದರಲ್ಲಿ ಅರ್ಧ ಪುಟ ನಡೆದು ನಿಂತಳು. ಐದನೆಯ ಕಪಾಟಿನ ಹತ್ತಿರ ಹಲ್ಲು ಬಿದ್ದ ಇಬ್ಬರು ಪುಟಾಣಿಗಳು ಕೂತು ಒಂದೇ ಪುಸ್ತಕಕ್ಕೆ ಕಿತ್ತಾಡುತ್ತಿದ್ದರು. ಮಗಳು ದೂರವೇ ನಿಂತಳು.

"ಅಲ್ಲಿಗೆ ನಾನು ಬರಲ್ಲ. ನಮ್ಮ ಕ್ಲಾಸಿನೋರು ಯಾರಾದ್ರೂ ನೋಡಿದ್ರೆ?"

"ಬೇಡ ಬಿಡು. ನಾನೇ ಓದ್ಕೋತೀನಿ."

ತಾಯಿ ಕೈಗೆ ಸಿಕ್ಕ ಒಂದು ತೆಳ್ಳನೆಯ ಪುಸ್ತಕ ಎಳೆದುಕೊಂಡು, ಮಕ್ಕಳ ಕೆಂಪು ಕುರ್ಚಿಯಲ್ಲಿ ಹೇಗೋ ತೂರಿಕೊಂಡು ಕೂತಳು. ಮೊಣಕಾಲು ಗಲ್ಲಕ್ಕೆ ತಾಗುವಂತಿತ್ತು. ಹಿಂದೆ ಮಗಳು ಕಿಸಕ್ಕನೆ ನಕ್ಕದ್ದು ಕೇಳಿತು. ಕೇಳಿಸಲೇ ಇಲ್ಲವೆಂಬಂತೆ ಓದತೊಡಗಿದಳು. ಹಳೆಯ ಕಾಲದ ಪಟ್ಟಣವೊಂದಕ್ಕೆ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು, ಬಾವಿ ಯಾರು ತೋಡಿಸಿದರು, ಕಲ್ಲು ಹೊತ್ತವರು ಯಾರು ಎಂಬ ವಿಷಯ. ನಿಜವಾಗಿಯೂ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ತಾನು ಯಾಕೆ ಬಂದಿದ್ದೆ ಎನ್ನುವುದನ್ನೇ ಮರೆತು ಹಾಳೆ ತಿರುಗಿಸಿದಳು.

"ತಾಳು, ನನ್ನದಿನ್ನೂ ಮುಗಿದಿಲ್ಲ."

ಮಗಳ ಉಸಿರು ಭುಜಕ್ಕೆ ತಾಗುತ್ತಿತ್ತು. ತಾಯಿ ಹಾಳೆಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಹಿಡಿದಳು. ಕತ್ತು ಹೊರಳಿಸಲಿಲ್ಲ, ಹೊರಳಿಸಿದರೆ ತನ್ನ ಕಣ್ಣು ತುಂಬಿದ್ದು ಮಗಳಿಗೆ ಕಾಣುತ್ತದಲ್ಲ.

"ಹೂಂ, ಈಗ ತಿರುಗಿಸು. ಅಮ್ಮ, ಬಾವಿ ಕಟ್ಟಿಸಿದ್ದು ರಾಣಿ ಅಂತ ಇಲ್ಲಿ ಬರೆದಿದ್ದಾರೆ. ಆದ್ರೆ ಶುರುವಿನಲ್ಲೇ ಅವಳಿಗೆ ಆ ಊರು ಗೊತ್ತೇ ಇರಲಿಲ್ಲ ಅಂದಿದ್ರಲ್ಲ? ಮತ್ತೆ ಜಾಗ ತೋರಿಸಿದ್ದು ಯಾರು?"

ಶುರುವಿನಲ್ಲಿದ್ದದ್ದು ಹೊರಟುಹೋಗಿರಲಿಲ್ಲ. ತಾಯಿಯ ಎದೆಯ ಮೇಲೆ ಎಷ್ಟೋ ದಿನದಿಂದ ಕೂತಿದ್ದ ಭಾರ ಆ ಪುಟ್ಟ ಕುರ್ಚಿಯಲ್ಲಿ ಇಳಿಯಿತು. "ನನಗೇನು ಗೊತ್ತೇ? ಮುಂದೆ ಓದಿ ನೀನೇ ಹೇಳು" ಎಂದಳು. ಮಗಳು ಈಗ ಯಾರು ನೋಡುತ್ತಾರೆಂದು ಅತ್ತಿತ್ತ ನೋಡದೆ ಕಪಾಟಿನ ಮುಂದೆ ಮಂಡಿಯೂರಿದಳು. ಕತೆಯ ಪುಸ್ತಕವೊಂದನ್ನು ತಾನೇ ಆರಿಸಿದಳು: ದೀಪಸ್ತಂಭ ಕಾಯುವ ಹುಡುಗಿಯೊಬ್ಬಳದು. ಅಧ್ಯಾಯಗಳು ಚಿಕ್ಕವು, ಅಕ್ಷರಗಳು ದೊಡ್ಡವು.

ಅಪ್ಪನದು ಲಿಫ್ಟ್ ರಿಪೇರಿಯ ಕೆಲಸ. ಸಂಜೆ ಪುಸ್ತಕಗಳನ್ನು ತಿರುಗಿಸಿ ನೋಡಿ, "ಏಳನೇ ಅಂತಸ್ತಿಗೆ ಹೋಗೋ ಲಿಫ್ಟೂ ಐದನೇದನ್ನ ದಾಟಿಕೊಂಡೇ ಹೋಗಬೇಕಮ್ಮ" ಎಂದ.

"ಅಪ್ಪಾ, ಸಾಕು" ಎಂದಳು ಮಗಳು.

ಭಾನುವಾರ ಅತ್ತಿಗೆ ಬರುವ ಸುದ್ದಿ ಬಂದಾಗ ಮಾತ್ರ ತಾಯಿ ಗಾಬರಿಯಾಗಿ ಪುಸ್ತಕಗಳನ್ನು ಮಂಚದ ಕೆಳಗೆ ತಳ್ಳೋಣವೆಂದು ಹುಡುಕಿದಳು. ಅಷ್ಟರಲ್ಲಿ ಅತ್ತಿಗೆ ಒಳಗೆ ಬಂದು, ಸೋಫಾದ ಮೇಲೆ ಕೂರಲು ಹೋಗಿ, ಕೆಳಗೆ ಸಿಕ್ಕಿದ ಬಾವಿಯ ಪುಸ್ತಕವನ್ನು ಎಳೆದು ಕನ್ನಡಕ ಏರಿಸಿದ್ದಳು.

"ಇದು ಐದನೆಯವರದಲ್ವಾ?"

"ಹೌದು ಅತ್ತಿಗೆ. ನಾನೇ ತಂದೆ."

"ನಾನು ಕೊಟ್ಟಿದ್ದು?"

"ಒಳಗಿದೆ. ಅದರ ಸರದಿನೂ ಬರುತ್ತೆ. ಈಗಲ್ಲ." ತನ್ನ ದನಿ ನಡುಗದೆ ಬಂದದ್ದಕ್ಕೆ ತಾಯಿಗೇ ಆಶ್ಚರ್ಯವಾಯಿತು.

ಅತ್ತಿಗೆ ಹುಡುಗಿಯ ಕಡೆ ತಿರುಗಿದಳು. "ಎಲ್ಲಿ, ಈ ಬಾವಿ ವಿಷಯ ಹೇಳು." ಮಗಳು ಶುರು ಮಾಡಿದಳು. ರಾಣಿ ಬಂದಳು, ಜಾಗ ತೋರಿಸಿದ ಮುದುಕಿ ಬಂದಳು, ಕಲ್ಲು ಹೊತ್ತವರು ಬಂದರು. ನಡುವೆ ಅತ್ತಿಗೆ ಒಂದು ಕೊಂಕು ಪ್ರಶ್ನೆ ಎಸೆದಳು. ಹುಡುಗಿ, "ಅದು ಹಾಗಲ್ಲ ಅತ್ತೆ, ನೀವು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ" ಎಂದುಬಿಟ್ಟಳು.

ಅತ್ತಿಗೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಒರೆಸುತ್ತಲೇ ಇದ್ದಳು.

"ಏಳನೇದು, ಏಳನೇದು ಅಂತ ನಾನೇ ಹಟ ಹಿಡಿದೆ" ಎಂದಳು ಕೊನೆಗೆ, ತಾಯಿಗೆ ಮಾತ್ರ ಕೇಳುವಂತೆ. "ಹಾಗನ್ನುತ್ತಾ ಇದ್ರೆ ಮಗುಗೆ ಏನೂ ಆಗಿಲ್ಲ ಅನ್ನೋ ಧೈರ್ಯ ಬರ್ತಿತ್ತು ಕಣೆ. ಭಯ ನಿನಗೊಬ್ಬಳಿಗೇ ಅಂದ್ಕೊಂಡ್ಯಾ?"

ತಾಯಿ ಅಡುಗೆಮನೆ ಕಡೆ ತಿರುಗಿ, "ಕಾಫಿ ತರ್ತೀನಿ" ಎಂದಳು.

"ಆಮೇಲೆ ತಾ. ಆ ಕತೆ ಪುಸ್ತಕ ಕೊಡು ಇತ್ತ. ಒಂದು ಪುಟ ನಾನು, ಒಂದು ಪುಟ ಇವಳು."

ಅತ್ತೆ ತರಗತಿಯ ಕೊನೇ ಬೆಂಚಿಗೂ ಕೇಳಿಸುವ ದನಿಯಲ್ಲಿ ತನ್ನ ಪುಟ ಓದಿದಳು. ಹುಡುಗಿ ಬೆರಳಿಟ್ಟುಕೊಂಡು ನಿಧಾನವಾಗಿ ತನ್ನದನ್ನು ಓದಿದಳು. ಮತ್ತೆ ಅತ್ತೆ, ಮತ್ತೆ ಹುಡುಗಿ. ತಾಯಿ ಕಾಫಿ ಹಿಡಿದು ಬರುವ ಹೊತ್ತಿಗೆ ಅತ್ತಿಗೆಯ ತಲೆ ಸೋಫಾಕ್ಕೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಹುಡುಗಿಯ ಪುಟ ಮುಗಿಯಿತು. ಅವಳು ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಆಮೇಲೆ ಸದ್ದಾಗದಂತೆ ಹಾಳೆ ತಿರುಗಿಸಿ, ದನಿ ತಗ್ಗಿಸಿ, ಅತ್ತೆಯ ಪಾಲಿನ ಪುಟವನ್ನೂ ಓದತೊಡಗಿದಳು.