ಒಂಬೈನೂರ ತೊಂಬತ್ತೊಂಬತ್ತರ ದೋಷ

ಭಾನುವಾರ ಅಂದರೆ ಸ್ವರ್ಣಲತಾಗೆ ಆರು ವರ್ಷದಿಂದ ರಜೆಯೇ ಅಲ್ಲ. ತುಮಕೂರಿನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಈಕೆ ೨೦೦೧ರಲ್ಲಿ ವಾಚನಾಲಯಗಳಿಗೆಂದು 'ಕಪಾಟು' ಎಂಬ ಪುಸ್ತಕಪಟ್ಟಿಯ ಸಾಫ್ಟ್‌ವೇರ್ ಬರೆದು, ಒಳಗಿನ ಕೋಡ್ ಸಮೇತ ಕೇಳಿದವರಿಗೆಲ್ಲ ಬಿಟ್ಟಿ ಹಂಚಿದ್ದಳು. ಹಂಚಿದ್ದೇ ತಪ್ಪಾಯಿತು ನೋಡಿ! ಮೂರನೇ ಆವೃತ್ತಿ ಬಂದರೂ ಮೊದಲನೆಯದರ ಭಾನುವಾರದ ರಿಪೇರಿ ತಪ್ಪಲಿಲ್ಲ. ಕೊನೆಗೆ ರೋಸಿಹೋಗಿ, "ಯುಗಾದಿಯಿಂದ ಒಂದನೇ ಆವೃತ್ತಿಗೆ ರಿಪೇರಿ ಇಲ್ಲ" ಎಂದು ಎಲ್ಲರಿಗೂ ಕಾಗದ ಹಾಕಿದಳು.

ವಾರದೊಳಗೆ ಹುಲಿಯೂರುದುರ್ಗದ ವಾಚನಾಲಯ ನೋಡಿಕೊಳ್ಳುವ ಕದರಯ್ಯನವರ ಕಾರ್ಡು ಬಂತು: "ನಿಲ್ಲಿಸಬೇಡಿ ತಾಯಿ. ನಾವಿನ್ನೂ ಅದರಲ್ಲೇ ಇದ್ದೇವೆ."

ಸ್ವರ್ಣಲತಾ ತಲೆ ಕೆರೆದುಕೊಂಡಳು. ಆ ಆವೃತ್ತಿಯಲ್ಲಿ ಅವಳದೇ ಒಂದು ಎಡವಟ್ಟಿತ್ತು: ಒಂಬೈನೂರ ತೊಂಬತ್ತೊಂಬತ್ತು ಪುಸ್ತಕ ದಾಟಿದರೆ ಪಟ್ಟಿಯಲ್ಲಿ ಹಿಡಿಸುತ್ತಿರಲಿಲ್ಲ. ಹುಲಿಯೂರುದುರ್ಗದಲ್ಲಿ ಅಷ್ಟು ಪುಸ್ತಕ ಮೂರು ವರ್ಷದ ಹಿಂದೆಯೇ ತುಂಬಿತ್ತು. ವರ್ಷವರ್ಷ ಹೊಸವು ಬರುತ್ತಲೂ ಇವೆ. ಮತ್ತೆ ನಡೆಯುತ್ತಿರುವುದಾದರೂ ಹೇಗೆ? ಕುತೂಹಲ ತಡೆಯಲಾರದೆ, ಮುಂದಿನ ಭಾನುವಾರವೇ ಹೊಸ ಆವೃತ್ತಿಯ ಸಿ.ಡಿ.ಯನ್ನು ಬ್ಯಾಗಿಗೆ ಹಾಕಿಕೊಂಡು ಕುಣಿಗಲ್ ಮೇಲೆ ಅಲ್ಲಿಗೆ ಹೋಗುವ ಬಸ್ ಹತ್ತಿದಳು.

"ಹೊಸದೊಂದು ಬಂದ್ರೆ ಪಟ್ಟಿಯಿಂದ ಹಳೇದೊಂದು ತೆಗೀತೀನಿ ಮೇಡಂ," ಎಂದರು ಕದರಯ್ಯ. "ತೆಗೆದಿದ್ದನ್ನ ಯಾರ್ದಾದ್ರೂ ಮನೇಲಿಡ್ತೀನಿ. ಅರವತ್ಮೂರು ಮನೆ ಆಗವೆ. ಯಾವ್ ಮನೇಲಿ ಯಾವ್ ಬುಕ್ಕು ಅಂತ ಊರಿಗೆಲ್ಲ ಗೊತ್ತು."

"ಅಯ್ಯೋ, ಆ ತಾಪತ್ರಯ ಯಾಕೆ? ಸಿ.ಡಿ. ತಂದಿದೀನಿ. ಇನ್ಮೇಲೆ ಎಷ್ಟ್ ಸಾವ್ರ ಆದ್ರೂ ಹಿಡಿಸುತ್ತೆ!"

ಕದರಯ್ಯನವರ ಮುಖ ಬಾಡಿತು. "ಅದೇ ಬ್ಯಾಡ ಮೇಡಂ. ಪಟ್ಟೀಲಿ ಹಿಡಿಸ್ದೇ ಇರೋದನ್ನ ಮಾತ್ರ ಊರಲ್ಲಿಡು ಅಂತ ಕಮಿಟಿಯೋರು ಒಪ್ಪವ್ರೆ. ಹಿಡಿಸ್ತದೆ ಅಂದ್ರೆ ಎಲ್ಲಾನೂ ವಾಪಸ್ ತರಬೇಕು. ಬೇರೆ ಏನ್ ಕೆಟ್ರೂ ಸರಿಮಾಡ್ಕೊಡಿ, ಅದೊಂದ್ನ ಮುಟ್ಬೇಡಿ. ಬನ್ನಿ, ತೋರಿಸ್ತೀನಿ."

ಹಿಂದಿನ ಬೀದಿಯ ಮುದುಕಿ ದೊಡ್ಡಗಂಗಮ್ಮನ ಮನೆಯಲ್ಲಿದ್ದದ್ದು ದನಗಳ ಕಾಯಿಲೆಯ ಪುಸ್ತಕ. ಆಕೆಗೆ ಓದು ಬಾರದು. ಪುಸ್ತಕ ಕೇಳಿಕೊಂಡು ಬಂದವರು ಆಕೆಗೊಂದು ಪುಟ ಓದಿ ಹೇಳಿಯೇ ಒಯ್ಯಬೇಕು, ಅದು ಆ ಮನೆಯ ಕಾನೂನು. ಸ್ವರ್ಣಲತಾಳನ್ನೂ ಬಿಡಲಿಲ್ಲ, ಜಗಲಿಯ ಮೇಲೆ ಕೂರಿಸಿ ಕೆಚ್ಚಲು ಬಾವಿನ ಪುಟ ಓದಿಸಿದಳು.

"ಇದನ್ನ ಎಷ್ಟ್ ವರ್ಷ ಇಟ್ಕೋತೀರಾ ಅಜ್ಜಿ?" ಕೇಳಿದಳು ಸ್ವರ್ಣಲತಾ.

"ಎಷ್ಟ್ ವರ್ಷ ಅಂದ್ರೆ? ಕೇಳ್ಕೊಂಡ್ ಬರೋರು ಇರೋಗಂಟ ಇಟ್ಕೋತೀನಿ ಕಣವ್ವ. ಮುಂದಿನ ಪುಟ ಬರೋ ಭಾನುವಾರ ಓದೀಯಂತೆ, ಬಾ."

ಸ್ವರ್ಣಲತಾಗೆ ನಗುವೂ ಬಂತು, ಕಣ್ಣೂ ತುಂಬಿತು. ಹೋಯಿತಲ್ಲ, ಈ ಭಾನುವಾರವೂ! ವಾಪಸ್ ಬರುವಾಗ ಬಸ್ಸಿನಲ್ಲೇ ಕೂತು, ತನ್ನ ಕಾಗದದ ಪ್ರತಿಯಲ್ಲಿ ಯುಗಾದಿಯ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದಳು: "ಕೇಳುವವರು ಇರುವ ತನಕ ಒಂದನೇ ಆವೃತ್ತಿಗೆ ರಿಪೇರಿ ಇರುತ್ತದೆ. ೯೯೯ರ ದೋಷವನ್ನು ಮಾತ್ರ ಸರಿಪಡಿಸುವುದಿಲ್ಲ."