ಎಡಗಾಲಿಯ ಸಪ್ಪಳ

ನಾನು ಒಂದು ಬಾಲ್ ಜಾಯಿಂಟ್. ಪಿಕಪ್ ಗಾಡಿಯ ಮುಂದಿನ ಎಡಗಾಲಿಯ ಹಿಂದೆ, ಕೆಸರು ಮೆತ್ತುವ ಜಾಗದಲ್ಲಿ ನನ್ನ ವಾಸ. ನಿಮ್ಮ ತೋಳು ಹೆಗಲಿಗೆ ಸೇರುವಲ್ಲಿ ಒಂದು ಗುಂಡು ಬಟ್ಟಲಿನೊಳಗೆ ತಿರುಗುತ್ತದಂತೆ. ನಾನೂ ಹಾಗೆಯೇ. ಗಾಲಿ ಆಚೀಚೆ ತಿರುಗುವುದೂ ಹಳ್ಳದಲ್ಲಿ ಇಳಿದು ಏಳುವುದೂ ನನ್ನಿಂದ.

ನಾನು ಹುಟ್ಟಿದ್ದು ಬೆಂಕಿಯಲ್ಲಿ. ಕೆಂಪಗೆ ಕಾದ ಉಕ್ಕನ್ನು ಅಚ್ಚಿಗೆ ಬಡಿದು, ಒಂದು ತುದಿಯನ್ನು ಗುಂಡಗೆ ಕನ್ನಡಿಯಂತೆ ನುಣುಪು ಮಾಡಿದರು. ಇನ್ನೊಂದು ತುದಿ ಬರಬರುತ್ತ ಸಣ್ಣಗಾಗುವ ಮೊಟಕು ಕಾಲು. ಗುಂಡನ್ನು ಗ್ರೀಸು ತುಂಬಿದ ಬಟ್ಟಲಲ್ಲಿ ಕೂಡಿಸಿ ರಬ್ಬರಿನ ಟೋಪಿ ತೊಡಿಸಿದರು. ಗಾಡಿಗೆ ಜೋಡಿಸುವಾಗ ಬಟ್ಟಲನ್ನು ಗಾಡಿಯಡಿಯಿಂದ ಗಾಲಿಯತ್ತ ಚಾಚಿದ ಕೆಳತೋಳಿಗೆ ಬಿಗಿದರು. ನನ್ನ ಕಾಲನ್ನು ಗಾಲಿಯನ್ನು ಹಿಡಿದಿರುವ ಉಕ್ಕಿನ ಗೆಣ್ಣಿನ ತೂತಿಗಿಳಿಸಿ, ನಟ್ಟು ಬಿಗಿದು, ಸಣ್ಣ ಪಿನ್ನು ಚುಚ್ಚಿದರು. ಬೆಸುಗೆಯಿಲ್ಲ, ಅಂಟಿಲ್ಲ. ಇಷ್ಟರ ಮೇಲೆಯೇ ಗಾಡಿಯನ್ನು ನೆಲಕ್ಕಿಳಿಸಿದರು. ಅಷ್ಟು ದೊಡ್ಡ ಭಾರ ಮುಷ್ಟಿಯಷ್ಟಿರುವ ನನ್ನ ಮೇಲೆ ಬಂದು ಕೂತಾಗ ಆದ ಬೆರಗು ಇನ್ನೂ ಇಳಿದಿಲ್ಲ. ನನ್ನಿಂದ ಆಗುತ್ತದೆಯೇ ಎಂಬ ಅಳುಕೂ ಅಂದೇ ಶುರುವಾಯಿತು.

ಮೊದಲ ಯಜಮಾನ ಶಹಾಬಾದದಲ್ಲಿ ಹಾಸುಗಲ್ಲಿನ ವ್ಯಾಪಾರಿ. ಅವನ ಬೂಟು ನೋಡಿದ್ದೆ, ಮುಖ ನೋಡಿರಲಿಲ್ಲ. ಸ್ಪ್ರಿಂಗು ನರಳುವಷ್ಟು ಕಲ್ಲು ಹೇರಿ ಓಡಿಸಿದ. ನನ್ನ ಟೋಪಿ ಹರಿಯಿತು. ಕಲ್ಲಿನ ಧೂಳು ಒಳಗಿಳಿದು ಗ್ರೀಸಿನೊಂದಿಗೆ ಅರೆದುಕೊಂಡು ನುಣುಪನ್ನೆಲ್ಲ ತಿಂದಿತು. ಆಮೇಲೆ ಗಾಡಿಯನ್ನು ಅದೇ ಊರಿನ ಬಂಡೆಪ್ಪನಿಗೆ ಮಾರಿದ.

ನಾನು ಹತ್ತಿರದಿಂದ ಕಂಡ ಮೊದಲ ಮನುಷ್ಯಮುಖ ಬಂಡೆಪ್ಪನದು. ತನ್ನ ಗಾಡಿಯ ಕೆಳಗೆ ಬೇರೆಯವರನ್ನು ಮಲಗಿಸುವ ಅಭ್ಯಾಸ ಅವನಿಗಿರಲಿಲ್ಲ; ರಿಪೇರಿಯೆಲ್ಲ ತಾನೇ, ಮನೆಯಂಗಳದಲ್ಲೇ. ಕಲ್ಲು ಪಾಲಿಶ್ ಮಾಡುವ ಮಶೀನಿನ ಮುಂದೆ ವಯಸ್ಸು ಕಳೆದವನಾದ್ದರಿಂದ ಕಿವಿ ಮಂದವಾಗಿತ್ತು. ಹಾಗಾಗಿ ಎಲ್ಲವನ್ನೂ ಕೈಯಿಂದ ಮುಟ್ಟಿ ನಂಬುತ್ತಿದ್ದ. ಕಿವಿ ಚುರುಕಾಗಿದ್ದದ್ದು ಹೆಂಡತಿ ಜಗದೇವಿಯದು. ಅವಳು ದಿನವೂ ಅವನ ಪಕ್ಕದಲ್ಲಿ, ಎಡಗಡೆ, ಅಂದರೆ ಸರಿಯಾಗಿ ನನ್ನ ಮೇಲೆ ಕೂರುತ್ತಿದ್ದಳು.

ಹಳ್ಳ ಸಿಕ್ಕಾಗಲೆಲ್ಲ ನನ್ನಿಂದ ‘ಕಟ್’ ಎಂಬ ಸಪ್ಪಳ ಬರತೊಡಗಿತ್ತು. ಬಾಣಂತನಕ್ಕೆ ಬಂದಿದ್ದ ಮಗಳು ನೀಲಾಳನ್ನೂ ಅವಳ ಹಸುಗೂಸನ್ನೂ ಗಂಡನ ಮನೆಗೆ ಬಿಟ್ಟುಬರುವ ಹಿಂದಿನ ದಿನ ಜಗದೇವಿ ಅದನ್ನೇ ಹಿಡಿದು ಕೂತಳು. ಬಂಡೆಪ್ಪ ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಜಾಕು ಕೊಟ್ಟು ಗಾಡಿ ಎತ್ತಿ, ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಅದು ಕದಲಲಿಲ್ಲ.

“ಗುಡ್ಡ ಇದ್ದಂಗ ಅದ. ಸಪ್ಪಳ ನಿನ್ನ ತಲ್ಯಾಗ ಅದ,” ಎಂದ.

“ನಿನ್ನ ಕಿವಿ ಮಶೀನಿಗಿ ಕೊಟ್ಟು ಬಂದೀದಿ. ಇನ್ನರ ನನ್ನ ಕಿವಿ ಇಟ್ಕೊ,” ಎಂದಳು ಜಗದೇವಿ. “ನಾಳಿಗಿ ಆ ಸೀಟಿನ್ಯಾಗ ಕೂಸು ಕೂಡ್ತದ.”

ನಾನು ನಾಚಿಕೆಯಿಂದ ಕುಗ್ಗಿದೆ. ಅವನ ಕೈ ಸುಳ್ಳಾಡಿರಲಿಲ್ಲ, ಅವನನ್ನು ವಂಚಿಸಿದ್ದು ನಾನು. ಚಾಸಿಯನ್ನಷ್ಟೇ ಎತ್ತಿದರೆ ಸ್ಪ್ರಿಂಗು ಕೆಳತೋಳನ್ನು ಒತ್ತಿಹಿಡಿಯುತ್ತದೆ. ಆ ಒತ್ತಡದಲ್ಲಿ ಸವೆದ ಗುಂಡೂ ಗಟ್ಟಿಯಂತೆ ನಟಿಸುತ್ತದೆ. ನನ್ನ ಸಡಿಲವನ್ನು ಮುಚ್ಚಿದ್ದು ನಾನು ಹೊರುತ್ತಿದ್ದ ಭಾರವೇ. ಒಂದು ದಿನ ನಾನು ಬಟ್ಟಲಿನಿಂದ ಕಳಚಿದರೆ ಗಾಲಿ ಹೊರಗೆ ಮಡಚಿಕೊಂಡು ಗಾಡಿ ಮೂಗು ಕೆಳಗಾಗಿ ಬೀಳುತ್ತದೆ. ಇದು ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

ಬಂಡೆಪ್ಪ ಸಿಟ್ಟಿನಿಂದಲೇ ಕೇಳಿದ, ಸಪ್ಪಳ ಯಾವಾಗ ಬರುತ್ತದೆಂದು. ಜಗದೇವಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. “ಗಾಲಿ ಹಳ್ಳಕ್ಕ ಬಿದ್ದಾಗಲ್ಲ. ಜೋತುಬಿದ್ದು ಹಗುರ ಆಗ್ತದಲ್ಲ, ಆವಾಗ.”

ಅವನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಗಾಡಿ ಇಳಿಸಿದ. ಜಾಕನ್ನು ಈ ಸಲ ಕೆಳತೋಳಿಗೆ, ನನ್ನ ಮಗ್ಗುಲಿಗೇ ಕೊಟ್ಟು ಎತ್ತಿದ. ಚಾಸಿಯ ಕೆಳಗೆ ಆಧಾರಕ್ಕೆ ರೈಲುಹಳಿಯಡಿಯ ಹಳೆ ಮರದ ಸ್ಲೀಪರ್ ತುಂಡುಗಳನ್ನು ಒಟ್ಟಿದ. ಅಂಗಳದ ತುಂಬ ಹಾಸುಗಲ್ಲು ಬಿದ್ದಿದ್ದರೂ ಅದು ಪದರು ಪದರಾಗಿ ಒಡೆಯುವುದನ್ನು ಬಲ್ಲವನು ಅದನ್ನು ನಂಬಲಿಲ್ಲ. ಟೈರು ನೆಲ ಬಿಟ್ಟಿತು. ಸ್ಪ್ರಿಂಗಿನ ಒತ್ತಡ ನನ್ನನ್ನು ಬಿಟ್ಟಿತು. ಗಾಡಿಯ ಭಾರ ಹೊತ್ತಂದಿನಿಂದ ಅಷ್ಟು ಹಗುರ ನಾನು ಆಗಿರಲಿಲ್ಲ.

“ಹಾರಿ ಕೊಟ್ಟು ಎತ್ತು,” ಎಂದು ನನ್ನ ಮೇಲೆ ಅಂಗೈಯಿಟ್ಟ.

ಜಗದೇವಿ ಟೈರಿನ ಕೆಳಗೆ ಹಾರೆ ತೂರಿಸಿ ಮೀಟಿದಳು. ಗಾಲಿ ಎದ್ದಿತು, ಬಿದ್ದಿತು. ಕಟ್. ಅವನ ಕಿವಿಗೆ ಕೇಳದ್ದು ಅಂಗೈಗೆ ಕೇಳಿತು. ಇನ್ನೊಮ್ಮೆ ಎತ್ತು ಎಂದ. ಮತ್ತೆ ಕಟ್. ಅವನ ಮುಖ ನನ್ನಿಂದ ಗೇಣು ದೂರದಲ್ಲಿತ್ತು. ಅದರಲ್ಲಿ ಭಯಕ್ಕಿಂತ ಬೆರಗೇ ಹೆಚ್ಚಿತ್ತು ಎಂದು ನನ್ನ ನೆನಪು. ಕೆಳಗಿನಿಂದಲೇ, ಅವಳತ್ತ ನೋಡದೆ ಹೇಳಿದ, “ಖರೇ ಅದ, ಜಗದೇವಿ.”

ಪೇಟೆಯಿಂದ ಹೊಸ ಜಾಯಿಂಟು ತಂದ. ಪಿನ್ನು ಕಿತ್ತ. ನಟ್ಟನ್ನು ಸಡಿಲಿಸಿ, ತೋಳು ಚಿಮ್ಮದಿರಲೆಂದು ಪೂರ್ತಿ ತೆಗೆಯದೆ ನನ್ನ ಕಾಲಿನ ತುದಿಯಲ್ಲೇ ಬಿಟ್ಟ. ಆದರೆ ನನ್ನ ಕಾಲು ಗೆಣ್ಣಿನ ತೂತನ್ನು ಬಿಡಲೊಲ್ಲದು. ಅವನು ಬಡಿದು ಬಡಿದು ಬೆವೆತ. ಜಗದೇವಿಯ ತವರಿನವರು ಗಣಿಯಲ್ಲಿ ಕಲ್ಲು ಎಬ್ಬಿಸುವವರು. ಇಡೀ ಚಪ್ಪಡಿ ಏಳಬೇಕಾದರೆ ಉಳಿಗಳಿಗೆ ಸಣ್ಣ ಪೆಟ್ಟು ಕೊಡುತ್ತ, ಕಲ್ಲಿನ ದನಿ ಬದಲಾಗುವುದನ್ನು ಕಾಯುತ್ತಾರೆ. ಅವಳು ಇನ್ನೊಂದು ಸುತ್ತಿಗೆ ತಂದು ಎದುರಿಗೆ ಕೂತಳು. ನನಗೆ ಹೊಡೆಯದೆ, ನನ್ನನ್ನು ಅಪ್ಪಿದ್ದ ಗೆಣ್ಣಿಗೆ ಎರಡು ಬದಿಯಿಂದಲೂ ಒಮ್ಮೆಗೇ ಹೊಡೆದರು. ದನಿ ಗಟ್ಟಿಯಾಗಿತ್ತು, ಗಟ್ಟಿಯಾಗಿತ್ತು, ಆಮೇಲೆ ತುಸು ಬಿರಿದಂತಾಯಿತು. “ಬಂತು,” ಎಂದಳು. ಮುಂದಿನ ಪೆಟ್ಟಿಗೆ ನಾನು ಬಿಡುಗಡೆಯಾದೆ. ಜಾಕು ತೋಳನ್ನು ಹಿಡಿದಿತ್ತು. ನನ್ನ ಜಾಗದಲ್ಲಿ ಹೊಸಬ ಕೂತ. ಹೊಸ ಪಿನ್ನಿನ ಕಿವಿಗಳನ್ನು ಬಂಡೆಪ್ಪ ಮಡಚಿದ.

ನಾನೀಗ ಅವರ ಕಿಟಕಿಯ ಕಟ್ಟೆಯ ಮೇಲಿದ್ದೇನೆ, ತುಕ್ಕು ಹಿಡಿದು. ಯಾಕೆ ಗುಜರಿಗೆ ಹಾಕಲಿಲ್ಲವೋ ತಿಳಿಯದು. ಇಷ್ಟು ಕಾಲ ಭಾರ ಹೊರುವುದೇ ದೊಡ್ಡದೆಂದುಕೊಂಡಿದ್ದೆ. ಭಾರವನ್ನು ಒಂದು ಗಳಿಗೆ ಇಳಿಸಿ ನೋಡುವವರೂ ಬೇಕು ಎಂದು ಈಗ ಅನ್ನಿಸುತ್ತದೆ. ಸರಿಯೋ ತಪ್ಪೋ ಹೇಳಲಾರೆ.

ರಿಪೇರಿಯ ಮರುದಿನ ಬೆಳಿಗ್ಗೆ ಗಾಡಿ ಹೊರಟದ್ದನ್ನು ಈ ಕಟ್ಟೆಯಿಂದಲೇ ನೋಡಿದೆ. ಕೂಸನ್ನೆತ್ತಿಕೊಂಡ ನೀಲಾ ಎಡತುದಿಗೆ, ಜಗದೇವಿ ನಡುವೆ. ಓಣಿಯ ಕೊನೆಯ ಮೋರಿ ದಾಟಿದ್ದೇ ಬಂಡೆಪ್ಪ ಇಂಜಿನ್ ಬಂದ್ ಮಾಡಿದ. ಕಿವಿ ಮಂದವಿದ್ದವರ ಮಾತು ಜೋರು, ಅವರೊಡನೆ ಆಡುವವರದೂ ಜೋರು, ನನಗೂ ಕೇಳಿತು.

“ಏನರ ಕೇಳಸ್ತೇನು?”

ಜಗದೇವಿ ಹಿಂದಕ್ಕೆ ತೆಗೆದು ಇನ್ನೊಮ್ಮೆ ದಾಟು ಎಂದಳು. ಅವನು ಹಿಂದಕ್ಕೆ ತಂದು, ಮೋರಿಯನ್ನು ನಿಧಾನವಾಗಿ ಮತ್ತೆ ದಾಟಿಸಿ, ನಿಲ್ಲಿಸಿ, ಅವಳ ಮುಖ ನೋಡಿದ.

“ನಡಿ,” ಎಂದಳು.